ತಳ ಹಿಡಿದದ್ದರ ರುಚಿ

ಹೋಟೆಲಿನ ಮಾಣಿ ದಿನಕ್ಕೆ ನೂರು ಸಲ ಹೇಳುವ ‘ಗ್ರೇವಿ’ ಎಂಬ ಮಾತಿಗೆ ಆರು ನೂರು ವರ್ಷಗಳ ಇತಿಹಾಸವಿದೆ. ಅದರ ಕಂದು ಬಣ್ಣದ ಹಿಂದೆ ಒಬ್ಬ ವೈದ್ಯನ ಸಂಶೋಧನೆ, ಎರಡು ಮಹಾಯುದ್ಧಗಳ ಹಸಿವು ಮತ್ತು ಬಡಗೃಹಿಣಿಯರ ಜಾಣ್ಮೆ ಇವೆ.

ಬೆಂಗಳೂರೇ ಇರಲಿ, ಬಳ್ಳಾರಿಯೇ ಇರಲಿ, ಸಂಜೆ ಹೋಟೆಲಿಗೆ ಹೋಗಿ ಗೋಬಿ ಮಂಚೂರಿ ಹೇಳಿದರೆ ಮಾಣಿ ತಪ್ಪದೆ ಕೇಳುವ ಪ್ರಶ್ನೆ ಒಂದೇ: ‘ಡ್ರೈಯಾ, ಗ್ರೇವಿಯಾ?’ ಗ್ರೇವಿ ಎಂದರೆ ಏನೆಂದು ಯಾರೂ ಅವನನ್ನು ತಿರುಗಿ ಕೇಳುವುದಿಲ್ಲ. ರಸ ಇದ್ದರೆ ಗ್ರೇವಿ, ಇಲ್ಲದಿದ್ದರೆ ಡ್ರೈ, ಅಷ್ಟೇ. ಪನೀರಿಗೂ ಗ್ರೇವಿ, ಮೊಟ್ಟೆಗೂ ಗ್ರೇವಿ, ಅಣಬೆಗೂ ಗ್ರೇವಿ. ಸಾರು, ಹುಳಿ, ಗೊಜ್ಜು, ಗಸಿ, ಸಾಗು, ಪಲ್ಯ ಎಂದು ಒಂದೊಂದು ಹದಕ್ಕೂ ಒಂದೊಂದು ಹೆಸರಿಟ್ಟ ನಮ್ಮ ಭಾಷೆಯಲ್ಲಿ ಈ ಪರದೇಶಿ ಶಬ್ದ ಸದ್ದಿಲ್ಲದೆ ಬಂದು ಕುಳಿತುಬಿಟ್ಟಿದೆ.

ಆದರೆ ಇಂಗ್ಲೆಂಡಿನ ಮನೆಯೊಂದರಲ್ಲಿ ಈ ಮಾತಿಗೆ ಇರುವ ಅರ್ಥ ಬಹಳ ಖಚಿತವಾದದ್ದು. ಒಲೆಯಲ್ಲಿ ಇಡಿಯಾಗಿ ಬೇಯಿಸಿದ ಮಾಂಸದಿಂದ ತಟ್ಟೆಯ ತಳಕ್ಕೆ ಇಳಿದ ರಸ ಮತ್ತು ಜಿಡ್ಡು, ಅದರಲ್ಲಿ ಹುರಿದ ಒಂದಿಷ್ಟು ಹಿಟ್ಟು, ಮೇಲೆ ಮೂಳೆಯ ಅಥವಾ ತರಕಾರಿಯ ತಿಳಿ ಕಟ್ಟು. ಇಷ್ಟೇ ಅದರ ಸಾಮಗ್ರಿ. ಮಸಾಲೆ ಇಲ್ಲ, ಕಾಯಿ ಇಲ್ಲ, ಹುಳಿ ಇಲ್ಲ. ಆದರೂ ಭಾನುವಾರದ ಮಧ್ಯಾಹ್ನ ಊಟದ ಮೇಜಿಗೆ ಈ ಕಂದು ರಸದ ಬಟ್ಟಲು ಬಾರದಿದ್ದರೆ ಅಲ್ಲಿ ಊಟ ಪೂರ್ತಿಯಾದಂತಲ್ಲ. ನಮ್ಮಲ್ಲಿ ಹಬ್ಬದೂಟಕ್ಕೆ ಕೂತವರಿಗೆ ಸಾರು ಬಡಿಸದೆ ಎಬ್ಬಿಸಿದಂತೆ!

ಇಷ್ಟು ಕಡಿಮೆ ಸಾಮಾನಿನಿಂದ ಅಷ್ಟೊಂದು ರುಚಿ ಬರುವುದು ಹೇಗೆ? ಉತ್ತರ ಇರುವುದು ಪಾತ್ರೆಯ ತಳದಲ್ಲಿ.

ಹೆಸರು ಬಂದ ದಾರಿ

ಪದದ ಹುಟ್ಟು ಸ್ವಾರಸ್ಯಕರ. ಹಳೆಯ ಫ್ರೆಂಚ್ ಅಡುಗೆ ಹಸ್ತಪ್ರತಿಗಳಲ್ಲಿ ‘ಗ್ರಾನೆ’ ಎಂಬ ಪದವಿತ್ತು. ಕಾಳು, ಸಂಬಾರ ಪದಾರ್ಥ ಎಂಬ ಅರ್ಥಕ್ಕೆ ಹತ್ತಿರದ ಮಾತು. ಅದನ್ನು ಪ್ರತಿ ಮಾಡುವಾಗ ಯಾರೋ ಲಿಪಿಕಾರರು ‘ನ’ಕಾರವನ್ನು ‘ವ’ಕಾರವೆಂದು ಓದಿದರು, ‘ಗ್ರಾನೆ’ ಹೋಗಿ ‘ಗ್ರಾವೆ’ ಆಯಿತು, ಅದೇ ಇಂಗ್ಲಿಷಿನ ಗ್ರೇವಿಯಾಯಿತು ಎಂದು ಹೆಚ್ಚಿನ ನಿಘಂಟುಕಾರರು ಅಭಿಪ್ರಾಯಪಡುತ್ತಾರೆ. ಕೈತಪ್ಪಿನಿಂದ ಹುಟ್ಟಿದ ಪದ ಈಗ ಪ್ರಪಂಚವನ್ನೆಲ್ಲ ಸುತ್ತಿದೆ.

ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು ಸುಮಾರು 1390ರಲ್ಲಿ ಬರೆದಿಟ್ಟ ‘ಫೋರ್ಮ್ ಆಫ್ ಕ್ಯೂರಿ’ ಎಂಬ ಅಡುಗೆ ಸಂಗ್ರಹದಲ್ಲಿ ಗ್ರೇವಿಯ ಪ್ರಸ್ತಾಪವಿದೆ. ಆದರೆ ಅದು ಇಂದಿನ ಕಂದು ರಸವಲ್ಲ. ಅರೆದ ಬಾದಾಮಿ, ಮಾಂಸದ ಕಟ್ಟು, ಶುಂಠಿಪುಡಿ, ಸಕ್ಕರೆ ಸೇರಿದ ಬಿಳುಪು ರಸ. ನೋಡಿದರೆ ನಮ್ಮ ಕುರ್ಮಾದ ದೂರದ ನೆಂಟನೆನ್ನಬೇಕು. ಆ ಕಾಲದಲ್ಲಿ ರಸ ಗಟ್ಟಿಯಾಗಲು ಬಾದಾಮಿಯನ್ನೋ ಒಣ ರೊಟ್ಟಿಯ ಪುಡಿಯನ್ನೋ ಹಾಕುತ್ತಿದ್ದರು. ಹಿಟ್ಟನ್ನು ಜಿಡ್ಡಿನಲ್ಲಿ ಹುರಿದು ರಸ ಗಟ್ಟಿ ಮಾಡುವ ಕ್ರಮ ಅಚ್ಚಾದ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡದ್ದು 17ನೆಯ ಶತಮಾನದಲ್ಲಿ. ಫ್ರಾನ್ಸಿನ ಲಾ ವಾರೆನ್ 1651ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಅದಿದೆ. ಹಾಗೆ ಹುರಿದ ಹಿಟ್ಟಿಗೆ ಫ್ರೆಂಚರ ಹೆಸರು ‘ರೂ’. ಅದರ ಅರ್ಥ ಕೆಂಗಂದು.

ಫ್ರೆಂಚ್ ಬಾಣಸಿಗರು ಇದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. 1903ರಲ್ಲಿ ಆಗಸ್ಟ್ ಎಸ್ಕೊಫಿಯೆ ಬರೆದ ಗ್ರಂಥದಲ್ಲಿ ‘ಎಸ್ಪಾನ್ಯೋಲ್’ ಎಂಬ ಕಂದು ರಸಕ್ಕೆ ತಾಯಿಯ ಸ್ಥಾನವಿದೆ. ಅದರಿಂದ ಹತ್ತಾರು ಮರಿ ರಸಗಳು ಹುಟ್ಟುತ್ತವೆ. ಆದರೆ ಅದು ಅರಮನೆಯ, ದೊಡ್ಡ ಹೋಟೆಲಿನ ಅಡುಗೆ. ದಿನಗಟ್ಟಲೆ ಕುದಿಯಬೇಕು, ಆಳು ಬೇಕು, ಕಾಸು ಬೇಕು.

ಇದನ್ನು ಕಂಡು ಮೂಗು ಮುರಿದವಳು ಇಂಗ್ಲೆಂಡಿನ ಹ್ಯಾನಾ ಗ್ಲಾಸ್ ಎಂಬ ಮಹಿಳೆ. 1747ರಲ್ಲಿ ಮನೆಗೆಲಸದ ಹುಡುಗಿಯರಿಗೂ ತಿಳಿಯುವ ಸರಳ ಮಾತಿನಲ್ಲಿ ಆಕೆ ಅಡುಗೆ ಪುಸ್ತಕ ಬರೆದಳು. ಫ್ರೆಂಚ್ ಬಾಣಸಿಗರ ದುಂದುವೆಚ್ಚವನ್ನು ಅದರಲ್ಲಿ ಚೆನ್ನಾಗಿ ಜಾಡಿಸಿದ್ದಾಳೆ. ಹನ್ನೆರಡು ಮೊಟ್ಟೆ ಕರಿಯಲು ಆರು ಪೌಂಡು ಬೆಣ್ಣೆ ಸುರಿದವನ ಕಥೆಯೂ ಅಲ್ಲಿದೆ. ಅರ್ಧ ಪೌಂಡು ಧಾರಾಳವಾಗಿ ಸಾಕಿತ್ತು ಎಂಬುದು ಆಕೆಯ ಲೆಕ್ಕ. ಮನೆಯಲ್ಲಿ ಮಾಡುವ ಗ್ರೇವಿಯ ಕ್ರಮವನ್ನೂ ಆಕೆ ಕೊಟ್ಟಿದ್ದಾಳೆ. ನಮಗೆ ಇನ್ನೊಂದು ಕಾರಣಕ್ಕೂ ಈ ಪುಸ್ತಕ ಮುಖ್ಯ. ಇಂಗ್ಲಿಷಿನಲ್ಲಿ ಅಚ್ಚಾದ ಮೊದಮೊದಲ ‘ಇಂಡಿಯಾದ ಕರಿ’ ಇರುವುದು ಇದರಲ್ಲೇ. ಕೊತ್ತಂಬರಿ ಬೀಜವನ್ನು ಶುದ್ಧವಾದ ಸಲಿಕೆಯ ಮೇಲೆ ಹಾಕಿ, ಬೆಂಕಿಗೆ ಹಿಡಿದು, ಕೆಂಪಗೆ ಹುರಿದು ಕುಟ್ಟಬೇಕಂತೆ! ಬಾಣಲಿಗೆ ಬದಲು ಸಲಿಕೆಯಾದರೂ ಹುರಿದರೇ ರುಚಿ ಎಂಬ ಸತ್ಯ ಆಕೆಗೆ ಗೊತ್ತಿತ್ತು.

ತಳ ಹಿಡಿಯುವುದು ಬೇರೆ, ಸೀಯುವುದು ಬೇರೆ

ನಮ್ಮ ಅಡುಗೆಮನೆಗಳಲ್ಲಿ ‘ತಳ ಹಿಡಿಯಿತು’ ಎಂದರೆ ಅಪಶಕುನ. ಹಾಲು ತಳ ಹಿಡಿದರೆ ಪಾಯಸ ಕೆಟ್ಟಿತು, ಅನ್ನ ತಳ ಹಿಡಿದರೆ ಪಾತ್ರೆ ತಿಕ್ಕುವವರ ಕೈ ಕೆಟ್ಟಿತು. ಆದರೆ ತಳ ಹಿಡಿದದ್ದೆಲ್ಲ ಸೀದದ್ದಲ್ಲ. ಬೆಣ್ಣೆ ಕಾಯಿಸಿ ತುಪ್ಪ ಮಾಡಿದ ಪಾತ್ರೆಯನ್ನು ನೆನಪಿಸಿಕೊಳ್ಳಿ. ತುಪ್ಪ ಸೋಸಿದ ಮೇಲೆ ತಳದಲ್ಲಿ ಕಂದು ಬಣ್ಣದ ಗಸಿ ಉಳಿಯುತ್ತದೆ. ಅದಕ್ಕೆ ಬಿಸಿ ಅನ್ನ ಹಾಕಿ, ಚಿಟಿಕೆ ಉಪ್ಪು ಉದುರಿಸಿ, ಪಾತ್ರೆಯನ್ನೇ ಒರೆಸಿದಂತೆ ಕಲಸಿಕೊಂಡು ತಿನ್ನಲು ಎಷ್ಟು ಮನೆಗಳಲ್ಲಿ ಮಕ್ಕಳು ಜಗಳವಾಡಿಲ್ಲ? ಗ್ರೇವಿಯ ಗುಟ್ಟೂ ಇದೇ.

ಮಾಂಸವನ್ನೋ ಈರುಳ್ಳಿಯನ್ನೋ ಬಿಸಿ ತಟ್ಟೆಯಲ್ಲಿ ಹುರಿಯುವಾಗ ಅದರಿಂದ ರಸ ಒಸರುತ್ತದೆ. ರಸದಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. ಕರಗಿದ್ದ ಪ್ರೋಟೀನು, ಸಕ್ಕರೆ, ಲವಣಗಳು ಪಾತ್ರೆಯ ತಳಕ್ಕೆ ತೆಳುವಾಗಿ ಅಂಟಿಕೊಂಡು ಹೊಂಬಣ್ಣಕ್ಕೆ, ಅಲ್ಲಿಂದ ಕಂದಿಗೆ ತಿರುಗುತ್ತವೆ. ಇದಕ್ಕೆ ಫ್ರೆಂಚರು ‘ಫೋಂ’ ಎನ್ನುತ್ತಾರೆ. ‘ತಳ’ ಎಂದೇ ಅರ್ಥ. ಹೆಚ್ಚುವರಿ ಜಿಡ್ಡನ್ನು ಬಗ್ಗಿಸಿ ತೆಗೆದು, ಬಿಸಿ ತಟ್ಟೆಗೆ ಒಂದು ಲೋಟ ನೀರನ್ನೋ ಕಟ್ಟನ್ನೋ ಸುರಿದರೆ ಚುಂಯ್ ಎಂದು ಆವಿ ಏಳುತ್ತದೆ. ಆಗ ಮರದ ಸೌಟಿನಿಂದ ತಳ ಕೆರೆಯಬೇಕು. ಅಂಟಿದ್ದೆಲ್ಲ ಬಿಟ್ಟುಕೊಂಡು ನೀರಿಗೆ ಬಣ್ಣವೂ ಪರಿಮಳವೂ ಇಳಿಯುತ್ತವೆ. ಗ್ರೇವಿಯ ಮುಕ್ಕಾಲು ರುಚಿ ಈ ಒಂದು ನಿಮಿಷದಲ್ಲಿ ಬಂದುಬಿಡುತ್ತದೆ.

ಆದ್ದರಿಂದಲೇ ಅಂಟದ ಲೇಪನವಿರುವ ನಾನ್‌ಸ್ಟಿಕ್ ತವದಲ್ಲಿ ಒಳ್ಳೆಯ ಗ್ರೇವಿ ಆಗುವುದಿಲ್ಲ. ತಳ ಹಿಡಿಯಬಾರದೆಂದೇ ಮಾಡಿದ ಪಾತ್ರೆ ತಳದ ರುಚಿಯನ್ನು ಎಲ್ಲಿಂದ ಕೊಟ್ಟೀತು? ದಪ್ಪ ತಳದ ಸ್ಟೀಲು ಅಥವಾ ಕಬ್ಬಿಣದ ಬಾಣಲೆಯೇ ಇದಕ್ಕೆ ಸರಿ. ಆದರೆ ಕಣ್ಣು ಮಾತ್ರ ಒಲೆಯ ಮೇಲೇ ಇರಬೇಕು. ಕಂದು ದಾಟಿ ಕಪ್ಪಾದರೆ ಕಹಿ. ಆ ಕಹಿಯನ್ನು ಎಷ್ಟು ನೀರು ಸುರಿದರೂ, ಎಷ್ಟು ಬೆಲ್ಲ ಹಾಕಿದರೂ ತೆಗೆಯಲಾಗದು.

ವೈದ್ಯನೊಬ್ಬ ಕಂಡ ಕಂದು

ಹುರಿದರೆ ಏಕೆ ಕಂದಾಗುತ್ತದೆ, ಬೇಯಿಸಿದರೆ ಏಕೆ ಆಗುವುದಿಲ್ಲ? ಲಕ್ಷಾಂತರ ವರ್ಷಗಳಿಂದ ಬೆಂಕಿಯಲ್ಲಿ ಸುಟ್ಟು ತಿನ್ನುತ್ತ ಬಂದ ಮನುಷ್ಯನಿಗೆ ಇದರ ಉತ್ತರ ಸಿಕ್ಕಿದ್ದು 20ನೆಯ ಶತಮಾನದಲ್ಲಿ. ಅದೂ ಅಡುಗೆಯವರಿಂದಲ್ಲ.

ಲೂಯಿ ಕಮೀಲ್ ಮೈಯಾರ್ ಫ್ರಾನ್ಸಿನ ವೈದ್ಯ, ರಸಾಯನಶಾಸ್ತ್ರಜ್ಞ. ಹುಟ್ಟಿದ್ದು 1878ರಲ್ಲಿ. ದೇಹದೊಳಗೆ ಪ್ರೋಟೀನುಗಳು ಹೇಗೆ ರಚನೆಯಾಗುತ್ತವೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಆತ ಅಮೈನೋ ಆಮ್ಲಗಳನ್ನು ಸಕ್ಕರೆಯೊಡನೆ ಸೇರಿಸಿ ಕಾಯಿಸುತ್ತಿದ್ದ. ದ್ರಾವಣ ಹಳದಿಯಾಗಿ, ಕಂದಾಗಿ ತಿರುಗಿತು. 1912ರಲ್ಲಿ ಇದನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಇಂದು ಇದಕ್ಕೆ ‘ಮೈಯಾರ್ ಕ್ರಿಯೆ’ ಎಂದೇ ಹೆಸರು. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿ ಬೀಜ, ದೋಸೆಯ ಗರಿ, ಒಗ್ಗರಣೆಯಲ್ಲಿ ಕೆಂಪಾದ ಉದ್ದಿನಬೇಳೆ, ಗ್ರೇವಿಯ ಬಣ್ಣ ಇವೆಲ್ಲದರಲ್ಲೂ ಕೆಲಸ ಮಾಡುವುದು ಇದೇ.

ಈ ಕ್ರಿಯೆ ಚುರುಕಾಗಿ ನಡೆಯಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು 100 ಡಿಗ್ರಿಗೆ ಕುದಿಯುತ್ತದೆ. ಪಾತ್ರೆಯಲ್ಲಿ ನೀರಿರುವ ತನಕ ಬಿಸಿ ಅದರ ಮೇಲೆ ಏರುವುದಿಲ್ಲ. ಬೇಯಿಸಿದ್ದು ಕಂದಾಗದಿರಲು ಇದೇ ಕಾರಣ. ಈರುಳ್ಳಿ ಹುರಿಯುವಾಗ ಮೊದಲ ಹದಿನೈದು ನಿಮಿಷ ಏನೂ ಆಗುತ್ತಿಲ್ಲವೆಂದು ತೋರುವುದೂ ಇದಕ್ಕೇ. ಆಗ ಒಲೆಯ ಬಿಸಿಯೆಲ್ಲ ನೀರನ್ನು ಓಡಿಸುವುದರಲ್ಲೇ ಖರ್ಚಾಗುತ್ತಿರುತ್ತದೆ. ಹುಳಿ ಈ ಕ್ರಿಯೆಯನ್ನು ತಡೆಯುತ್ತದೆ, ಕ್ಷಾರ ಅದನ್ನು ತ್ವರೆಗೊಳಿಸುತ್ತದೆ. ಈರುಳ್ಳಿ ಕೆಂಪಾಗುವ ಮೊದಲು ಟೊಮ್ಯಾಟೊ ಹಾಕಬೇಡ ಎಂದು ಹಿರಿಯರು ಸೊಸೆಯಂದಿರಿಗೆ ಹೇಳಿಕೊಟ್ಟದ್ದರಲ್ಲಿ ಎಷ್ಟು ರಸಾಯನಶಾಸ್ತ್ರವಿದೆ ನೋಡಿ!

ಮೈಯಾರ್ ಬದುಕಿದ್ದಾಗ ಆತನ ಶೋಧಕ್ಕೆ ಹೆಚ್ಚು ಬೆಲೆ ಬರಲಿಲ್ಲ. 1936ರಲ್ಲಿ ಆತ ತೀರಿಕೊಂಡ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆಂದು ಒಣಗಿಸಿ ಇಟ್ಟ ಮೊಟ್ಟೆಪುಡಿ, ತರಕಾರಿ ದಾಸ್ತಾನಿನಲ್ಲೇ ಕಂದಾಗಿ ರುಚಿಗೆಟ್ಟಾಗ ವಿಜ್ಞಾನಿಗಳು ಅದರ ಕಾರಣ ಹುಡುಕುತ್ತ ಆತನ ಹಳೆಯ ಬರಹಗಳಿಗೆ ಮರಳಿದರು. ಈ ಕ್ರಿಯೆಯ ಹಂತಗಳನ್ನು ಕ್ರಮವಾಗಿ ಜೋಡಿಸಿ ತೋರಿಸಿದ್ದು ಜಾನ್ ಹಾಡ್ಜ್ ಎಂಬ ಅಮೆರಿಕದ ಕಪ್ಪು ಜನಾಂಗದ ರಸಾಯನಶಾಸ್ತ್ರಜ್ಞ, 1953ರಲ್ಲಿ.

ಇನ್ನೊಂದು ಸಂಗತಿ. ಸಕ್ಕರೆ ಕಾಯಿಲೆಯವರೆಲ್ಲ ಮೂರು ತಿಂಗಳಿಗೊಮ್ಮೆ ಮಾಡಿಸುವ ‘ಎಚ್‌ಬಿಎ1ಸಿ’ ರಕ್ತಪರೀಕ್ಷೆ ಅಳೆಯುವುದು ಇದೇ ಕ್ರಿಯೆಯ ಮೊದಲ ಮೆಟ್ಟಿಲನ್ನು. ರಕ್ತದಲ್ಲಿರುವ ಗ್ಲೂಕೋಸು ಹೀಮೊಗ್ಲೋಬಿನ್ ಎಂಬ ಪ್ರೋಟೀನಿಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದು ಹೆಚ್ಚು. ಬಾಣಲೆಯಲ್ಲಿ ನಿಮಿಷಗಳಲ್ಲಿ ಆಗುವುದು ನಮ್ಮ ಮೈಯಲ್ಲಿ 37 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಗಂಟಿಲ್ಲದ ಹಿಟ್ಟು

ಬಣ್ಣ ಬಂತು, ಪರಿಮಳ ಬಂತು. ಇನ್ನು ಹದ. ಗ್ರೇವಿ ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿ ನಿಲ್ಲಬೇಕು. ನೀರಿನಂತೆ ಜಾರಬಾರದು, ಅಂಟಿನಂತೆ ಕೂರಬಾರದು. ಇದು ಹಿಟ್ಟಿನ ಕೆಲಸ.

ಕುದಿಯುವ ನೀರಿಗೆ ಒಣ ಹಿಟ್ಟು ಸುರಿದರೆ ಏನಾಗುತ್ತದೆಂದು ರಾಗಿ ಅಂಬಲಿ ಕಾಸಿದವರಿಗೆ ಹೇಳಬೇಕಾಗಿಲ್ಲ. ಹಿಟ್ಟಿನ ಮುದ್ದೆಯ ಹೊರಮೈ ಕೂಡಲೇ ಬೆಂದು ಅಂಟಾಗುತ್ತದೆ, ನೀರು ಒಳಗೆ ಹೋಗುವುದಿಲ್ಲ, ನಡುವೆ ಹಸಿ ಹಿಟ್ಟು ಉಳಿದು ಗಂಟಾಗುತ್ತದೆ. ಇದಕ್ಕೆ ಎರಡು ಉಪಾಯ. ಒಂದು, ಅಂಬಲಿಗೆ ಮಾಡುವಂತೆ ತಣ್ಣೀರಿನಲ್ಲಿ ಕದಡಿ ಹಾಕುವುದು. ಇನ್ನೊಂದು, ಉಪ್ಪಿಟ್ಟಿನ ರವೆಗೆ ಮಾಡುವಂತೆ ಜಿಡ್ಡಿನಲ್ಲಿ ಹುರಿಯುವುದು. ಒಂದೊಂದು ಕಣಕ್ಕೂ ಜಿಡ್ಡಿನ ಹೊದಿಕೆ ಬಂದರೆ ಅವು ಒಂದಕ್ಕೊಂದು ಅಂಟುವುದಿಲ್ಲ. ಗ್ರೇವಿಗೆ ಎರಡನೆಯ ದಾರಿಯೇ ಉತ್ತಮ, ಏಕೆಂದರೆ ಹುರಿದ ಹಿಟ್ಟಿಗೆ ತನ್ನದೇ ಪರಿಮಳವಿದೆ.

ಮೈದಾ ಹಿಟ್ಟನ್ನು ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಹುರಿದರೆ ಹಸಿವಾಸನೆ ಮಾತ್ರ ಹೋಗಿ ಬೆಳ್ಳಗೆ ಉಳಿಯುತ್ತದೆ. ಐದಾರು ನಿಮಿಷಕ್ಕೆ ಹುಲ್ಲಿನ ಬಣ್ಣ. ಹದಿನೈದು ಇಪ್ಪತ್ತು ನಿಮಿಷಕ್ಕೆ ಹುರಿಗಡಲೆಯಂಥ ವಾಸನೆ ಹೊಮ್ಮಿ ಕಂದಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹುರಿದಷ್ಟೂ ಹಿಟ್ಟಿನ ಪಿಷ್ಟದ ಉದ್ದನೆಯ ಎಳೆಗಳು ತುಂಡಾಗುತ್ತ ಹೋಗುತ್ತವೆ. ಹಾಗಾಗಿ ಬಣ್ಣ ಏರಿದಂತೆ ರಸವನ್ನು ಗಟ್ಟಿ ಮಾಡುವ ಶಕ್ತಿ ಇಳಿಯುತ್ತದೆ. ಕಂದು ಗ್ರೇವಿಗೆ ಬಿಳಿ ಸಾಸಿಗಿಂತ ಹಿಟ್ಟು ತುಸು ಹೆಚ್ಚು ಬೇಕಾಗುವುದು ಇದಕ್ಕಾಗಿ.

ಕಟ್ಟು ಸುರಿದ ಮೇಲೂ ಅವಸರ ಬೇಡ. ಹಿಟ್ಟು ಉಬ್ಬಿ ರಸ ಗಟ್ಟಿಯಾದ ಕೂಡಲೇ ಕೆಲಸ ಮುಗಿಯಿತೆಂದು ಇಳಿಸಿದರೆ ನಾಲಗೆಗೆ ಹಿಟ್ಟುಹಿಟ್ಟಾಗಿ ಹತ್ತುತ್ತದೆ. ಇನ್ನೂ ಕಾಲು ಗಂಟೆ ಸಣ್ಣಗೆ ಕುದಿಯಬೇಕು. ಆರಿದ ಮೇಲೆ ಗ್ರೇವಿ ಮತ್ತಷ್ಟು ಗಟ್ಟಿಯಾಗುವುದರಿಂದ ಬೇಕಾದ್ದಕ್ಕಿಂತ ಕೊಂಚ ತೆಳುವಿರುವಾಗಲೇ ಇಳಿಸುವುದು ಜಾಣತನ.

ಒಂದು ತುಂಡು, ಹತ್ತು ಬಾಯಿ

ಗ್ರೇವಿ ಶ್ರೀಮಂತರ ಮೇಜಿನ ಅಲಂಕಾರವೆಂದು ಭಾವಿಸಿದರೆ ತಪ್ಪು. ಅದರ ನಿಜವಾದ ಮನೆ ಬಡವರದ್ದು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಮನೆಗಳಲ್ಲಿ ವಾರಕ್ಕೊಮ್ಮೆ ಮಾಂಸ ಬೇಯುತ್ತಿತ್ತು. ಮಕ್ಕಳು ಹೆಚ್ಚು, ಮಾಂಸ ಕಡಿಮೆ. ಆದ್ದರಿಂದ ಮೊದಲು ಬಡಿಸುತ್ತಿದ್ದದ್ದು ಹಿಟ್ಟು, ಹಾಲು, ಮೊಟ್ಟೆ ಕಲಸಿ ಜಿಡ್ಡಿನಲ್ಲಿ ಉಬ್ಬಿಸಿದ ಯಾರ್ಕ್‌ಷೈರ್ ಪುಡ್ಡಿಂಗನ್ನು, ಅದರ ಗುಳಿಯ ತುಂಬ ಗ್ರೇವಿ ಸುರಿದು. ಯಾರು ಹೆಚ್ಚು ಪುಡ್ಡಿಂಗು ತಿನ್ನುತ್ತೀರೋ ಅವರಿಗೆ ಹೆಚ್ಚು ಮಾಂಸ ಎಂದು ಮಕ್ಕಳಿಗೆ ಆಸೆ ತೋರಿಸುತ್ತಿದ್ದರು. ಅಷ್ಟು ತಿಂದ ಹೊಟ್ಟೆಯಲ್ಲಿ ಮಾಂಸಕ್ಕೆ ಜಾಗವೆಲ್ಲಿ? ಒಂದು ತುಂಡು ಮನೆಮಂದಿಗೆಲ್ಲ ಸಾಲುತ್ತಿತ್ತು. ಮಾಂಸದ ರುಚಿಯನ್ನು ಮಾಂಸವಿಲ್ಲದೆಯೇ ಹಂಚುವ ಉಪಾಯ ಇದು. ಸೋಮವಾರ ಉಳಿದ ತುಣುಕುಗಳನ್ನು ಗ್ರೇವಿಯಲ್ಲೇ ಬಿಸಿ ಮಾಡುತ್ತಿದ್ದರು. ಹೆಪ್ಪುಗಟ್ಟಿದ ಜಿಡ್ಡನ್ನು, ಅದರಡಿಯ ಕಂದು ಲೋಳೆಯ ಸಮೇತ, ರೊಟ್ಟಿಗೆ ಸವರಿ ಗಣಿ ಕಾರ್ಮಿಕರ ಬುತ್ತಿಗೆ ಹಾಕುತ್ತಿದ್ದರು.

ಹೆಸರುಕಾಳೋ ಸೊಪ್ಪೋ ಬೇಯಿಸಿ, ಬಸಿದ ಕಟ್ಟಿನಿಂದ ಬಸ್ಸಾರು, ಕಾಳಿನಿಂದ ಪಲ್ಯ ಮಾಡುವ ನಮ್ಮ ಹಳೆ ಮೈಸೂರು ಸೀಮೆಯ ಗೃಹಿಣಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾದೀತು. ಬೆಂದ ನೀರನ್ನು ಚೆಲ್ಲಬಾರದು ಎಂಬುದು ಎರಡೂ ಕಡೆಯ ಧರ್ಮ.

ಯುದ್ಧ ಬಂದಾಗ ಈ ಜಿಡ್ಡಿಗೂ ಲೆಕ್ಕ ಬಂತು. ಬ್ರಿಟನ್ನಿನಲ್ಲಿ 1940ರ ಮಾರ್ಚ್‌ನಲ್ಲಿ ಮಾಂಸಕ್ಕೆ ಪಡಿತರ ಜಾರಿಯಾಯಿತು. ತೂಕದ ಮೇಲಲ್ಲ, ಬೆಲೆಯ ಮೇಲೆ: ತಲೆಗೆ ವಾರಕ್ಕೆ ಇಷ್ಟು ಶಿಲಿಂಗಿನ ಮಾಂಸ ಎಂದು. ಒಳ್ಳೆಯ ತುಂಡು ಬೇಕೆಂದರೆ ಚಿಕ್ಕದು ಸಿಗುತ್ತಿತ್ತು, ದೊಡ್ಡದು ಬೇಕೆಂದರೆ ಎಲುಬು ಸೇರಿದ ಅಗ್ಗದ್ದು. ಯುದ್ಧ ಮುಗಿದು ಒಂಬತ್ತು ವರ್ಷ ಕಳೆದು, 1954ರ ಜುಲೈ 4ರಂದು ಈ ಪಡಿತರ ಕೊನೆಗೊಂಡಿತು. ಹದಿನಾಲ್ಕು ವರ್ಷಗಳ ಕಾಲ ಆ ದೇಶದ ತಾಯಂದಿರು ಮಾಂಸದ ಕೊರತೆಯನ್ನು ಕಂದು ರಸದಿಂದ ಮುಚ್ಚಿದರು. ಅತ್ತ ಅಮೆರಿಕದಲ್ಲಿ 1942ರಿಂದ ಸರ್ಕಾರ ಗೃಹಿಣಿಯರಿಗೆ ಮತ್ತೊಂದು ಮನವಿ ಮಾಡಿತು. ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಡಬ್ಬಿಯಲ್ಲಿ ಕೂಡಿಟ್ಟು ಮಾಂಸದಂಗಡಿಗೆ ತಂದುಕೊಡಿ ಎಂದು. ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸ್ಫೋಟಕ. ಮಕ್ಕಳ ತಟ್ಟೆಗೆ ಗ್ರೇವಿಯಾಗಬೇಕಾದದ್ದು ಎಲ್ಲಿಯೋ ಯಾರ ಮೇಲೋ ಬೀಳುವ ಬಾಂಬಿಗೆ ಮದ್ದಾಯಿತು.

ಡಬ್ಬಿಯಲ್ಲಿ ಬಂದ ಬಣ್ಣ

ಮನೆಯ ಗ್ರೇವಿಗೆ ಪ್ರತಿಸ್ಪರ್ಧಿ ಹುಟ್ಟಿದ್ದು ಇದಕ್ಕೂ ಮೊದಲೇ. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1847ರಲ್ಲಿ ಮಾಂಸದ ಸಾರವನ್ನು ಕುದಿಸಿ ಕುದಿಸಿ ಲೇಹ್ಯದಂತೆ ಮಾಡುವ ಕ್ರಮವನ್ನು ಪ್ರಕಟಿಸಿದ. ಒಂದು ಕಿಲೋ ಲೇಹ್ಯಕ್ಕೆ ಸುಮಾರು ಮೂವತ್ತು ಕಿಲೋ ಮಾಂಸ ಬೇಕಾಗುತ್ತಿತ್ತು. ಯೂರೋಪಿನಲ್ಲಿ ಇದು ದುಬಾರಿ. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಚರ್ಮಕ್ಕಾಗಿ ದನ ಕಡಿದು ಮಾಂಸ ಬಿಸಾಡುತ್ತಿದ್ದರು. ಅಲ್ಲಿನ ಫ್ರೇ ಬೆಂಟೋಸ್ ಎಂಬ ಊರಿನಲ್ಲಿ ಲೀಬಿಗ್ ಕಂಪೆನಿಯ ಕಾರ್ಖಾನೆ ಎದ್ದಿತು. ಮುಂದೆ 1910ರಲ್ಲಿ ಅದೇ ಕಂಪೆನಿಯ ‘ಆಕ್ಸೋ’ ಚೌಕುಳಿಗಳು ಬಂದವು. ಅದಕ್ಕೂ ಎರಡು ವರ್ಷ ಮೊದಲು, 1908ರಲ್ಲಿ, ‘ಬಿಸ್ಟೋ’ ಎಂಬ ಪುಡಿ ಬ್ರಿಟನ್ನಿನ ಅಂಗಡಿಗಳಿಗೆ ಬಂದಿತ್ತು. ಪಿಷ್ಟ, ಉಪ್ಪು, ಬಣ್ಣ ಇವೇ ಅದರ ಮುಖ್ಯ ಸಾಮಗ್ರಿ. ನೀರಿಗೆ ಕದಡಿ ಕುದಿಸಿದರೆ ಸಾಕು, ಬಣ್ಣ ಬಂತು, ಗಟ್ಟಿಯೂ ಆಯಿತು! 1979ರಲ್ಲಿ ಕುದಿಯುವ ನೀರು ಸುರಿದರೆ ಸಾಕಾಗುವ ಹರಳುಗಳೇ ಬಂದವು. ಇಂದು ಅಲ್ಲಿಯ ಬಹಳ ಮನೆಗಳಲ್ಲಿ ಗ್ರೇವಿ ಎಂದರೆ ಈ ಡಬ್ಬಿಯೇ.

ಇದೇ ಲೀಬಿಗ್ ಇನ್ನೊಂದು ತಪ್ಪು ನಂಬಿಕೆಯನ್ನೂ ಬಿತ್ತಿಹೋದ. ಮಾಂಸದ ಹೊರಮೈಯನ್ನು ಮೊದಲು ಜೋರು ಉರಿಯಲ್ಲಿ ಹುರಿದರೆ ರಂಧ್ರಗಳು ಮುಚ್ಚಿಕೊಂಡು ರಸ ಒಳಗೇ ಉಳಿಯುತ್ತದೆ ಎಂದು. ಹಾಗೇನೂ ಆಗುವುದಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಹೆರಾಲ್ಡ್ ಮೆಗೀ 1984ರಲ್ಲಿ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದರು. ರಸ ಒಳಗೆ ಉಳಿಯುವಂತಿದ್ದರೆ ತಟ್ಟೆಯ ತಳದಲ್ಲಿ ಗ್ರೇವಿಗೆ ಏನು ಉಳಿಯುತ್ತಿತ್ತು? ಹುರಿಯುವುದು ರಸವನ್ನು ಬಂಧಿಸಲು ಅಲ್ಲ, ರುಚಿಯನ್ನು ಹುಟ್ಟಿಸಲು.

ಕಂದು ಗ್ರೇವಿ ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1950ರ ದಶಕದಿಂದ ಕರಿದ ಆಲೂಗಡ್ಡೆ ಮತ್ತು ಗಿಣ್ಣಿನ ಮೇಲೆ ಅದನ್ನು ಸುರಿದು ‘ಪೂಟೀನ್’ ಎಂದು ತಿನ್ನುತ್ತಾರೆ. ಹವಾಯಿ ದ್ವೀಪದ ಹೀಲೋ ಪಟ್ಟಣದಲ್ಲಿ 1949ರ ಸುಮಾರಿಗೆ ಹುಟ್ಟಿದ ‘ಲೋಕೊ ಮೋಕೊ’ದಲ್ಲಿ ಅನ್ನ, ಮಾಂಸದ ಬಿಲ್ಲೆ, ಮೊಟ್ಟೆಯ ಮೇಲೆ ಕಂದು ಗ್ರೇವಿ. ಅಮೆರಿಕದ ಲೂಯಿಸಿಯಾನಾದಲ್ಲಂತೂ ಅನ್ನ-ಗ್ರೇವಿ ನಿತ್ಯದ ಊಟ.

ನಮ್ಮಲ್ಲಿಗೂ ಅದು ಬಂದದ್ದು ಬ್ರಿಟಿಷರ ಸಂಗಡ. ಬೆಂಗಳೂರಿನ ದಂಡು ಪ್ರದೇಶದ, ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಅದಕ್ಕೆ ಮೆಣಸು, ಚಕ್ಕೆ, ಲವಂಗ ಸೇರಿ ‘ಬ್ರೌನ್ ಸ್ಟ್ಯೂ’ಗಳಾದವು. ಹೋಟೆಲ್ ಅಡುಗೆ ಕಲಿಸುವ ಕಾಲೇಜುಗಳಲ್ಲಿ ಈಗ ‘ಬ್ರೌನ್ ಗ್ರೇವಿ’ ಎಂದರೆ ಕೆಂಪಗೆ ಹುರಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಟೊಮ್ಯಾಟೊಗಳ ಮೂಲ ಮಸಾಲೆ. ಮಂಚೂರಿಯ ಗ್ರೇವಿ ಮತ್ತೊಂದು ಕವಲು. ಅದರ ಕಂದು ಸೋಯಾ ಸಾಸಿನದು, ಗಟ್ಟಿತನ ಜೋಳದ ಪಿಷ್ಟದ್ದು.

ಇಲ್ಲಿಯೇ ಎಚ್ಚರ ಬೇಕಾದದ್ದು. ಬಣ್ಣ ಬರಿಸುವುದಕ್ಕೆ ಹೊತ್ತು ಬೇಕು, ಬಣ್ಣ ಹಾಕುವುದಕ್ಕೆ ಬೇಡ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆ ಮಿತಿಮೀರಿದ್ದನ್ನು ಕಂಡು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಅದನ್ನು ನಿಷೇಧಿಸಬೇಕಾಯಿತು. ಕೊಡಗಿನ ಪಂದಿಕರಿ ನೋಡಿ. ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಕಪ್ಪಾಗುವಷ್ಟು ಹುರಿದು ಪುಡಿ ಮಾಡಿ, ಕೊನೆಗೆ ಕಾಚಂಪುಳಿ ಬಿಟ್ಟರೆ ಬರುವ ಆ ದಟ್ಟ ಬಣ್ಣಕ್ಕೆ ಯಾವ ಪುಡಿಯ ಹಂಗೂ ಇಲ್ಲ. ಬಣ್ಣ ನೋಡಿ ರುಚಿಯನ್ನು ಊಹಿಸುವುದು ಮನುಷ್ಯನ ಸ್ವಭಾವ. ಕಂದು ಎಂದರೆ ಯಾರೋ ಒಲೆಯ ಮುಂದೆ ನಿಂತು ಕಾದಿದ್ದಾರೆ ಎಂದು ಕಣ್ಣು ನಂಬುತ್ತದೆ. ಡಬ್ಬಿಯ ಬಣ್ಣ ಆ ನಂಬಿಕೆಗೆ ಮಾಡುವ ಮೋಸ.

ಮನೆಯಲ್ಲೇ ಮಾಡಿ ನೋಡಿ: ಅಣಬೆಯ ಕಂದು ಗ್ರೇವಿ

ಮಾಂಸ ತಿನ್ನದವರೂ ಇದನ್ನು ಮಾಡಬಹುದು. ಅಣಬೆಯಲ್ಲಿ ಮಾಂಸದಂಥದೇ ರುಚಿ ಕೊಡುವ ಅಂಶಗಳು ಸಹಜವಾಗಿಯೇ ಇವೆ.

ಬೇಕಾಗುವ ಸಾಮಗ್ರಿ: ಬೆಣ್ಣೆ 50 ಗ್ರಾಂ, ದೊಡ್ಡ ಈರುಳ್ಳಿ 2, ಬಿಳಿ ಅಣಬೆ 200 ಗ್ರಾಂ, ಕ್ಯಾರೆಟ್ 1, ಬೆಳ್ಳುಳ್ಳಿ 3 ಎಸಳು, ಮೈದಾ ಹಿಟ್ಟು 35 ಗ್ರಾಂ (ಸುಮಾರು ನಾಲ್ಕು ಟೇಬಲ್ ಚಮಚ), ಪಲಾವ್ ಎಲೆ 1, ಸೋಯಾ ಸಾಸ್ 1 ಟೀ ಚಮಚ, ಕಾಳುಮೆಣಸಿನ ಪುಡಿ, ಉಪ್ಪು, ನೀರು 1 ಲೀಟರ್.

ಮಾಡುವ ವಿಧಾನ: ಅಣಬೆಯ ಕಾಲುಗಳು, ಕ್ಯಾರೆಟ್, ಅರ್ಧ ಈರುಳ್ಳಿ, ಪಲಾವ್ ಎಲೆಗಳನ್ನು ನೀರಿನಲ್ಲಿ ಹಾಕಿ ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ ಸೋಸಿಡಿ. ಸುಮಾರು ಅರ್ಧ ಲೀಟರಿಗಿಂತ ತುಸು ಹೆಚ್ಚು ಕಟ್ಟು ಸಿಗಬೇಕು. ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ ಹಾಕಿ, ಅಣಬೆಯನ್ನು ಒತ್ತೊತ್ತಾಗಿ ತುಂಬದೆ ಎರಡು ಸರದಿಯಲ್ಲಿ ಜೋರು ಉರಿಯಲ್ಲಿ ಹುರಿದು ತೆಗೆಯಿರಿ. ಅದೇ ಬಾಣಲೆಗೆ ಉಳಿದ ಈರುಳ್ಳಿಯನ್ನು ತೆಳುವಾಗಿ ಹೆಚ್ಚಿ ಹಾಕಿ, ಇನ್ನೊಂದು ಚಮಚ ಬೆಣ್ಣೆಯೊಡನೆ ಸಣ್ಣ ಉರಿಯಲ್ಲಿ ಮೂವತ್ತರಿಂದ ನಲವತ್ತು ನಿಮಿಷ ಹುರಿಯಿರಿ. ತಳ ಹಿಡಿದಾಗಲೆಲ್ಲ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ಕೊನೆಯಲ್ಲಿ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ಬಾಡಿಸಿ, ಎಲ್ಲವನ್ನೂ ತೆಗೆದಿಡಿ.

ಉಳಿದ ಬೆಣ್ಣೆ ಹಾಕಿ, ಮೈದಾ ಸೇರಿಸಿ, ಕೈಬಿಡದೆ ಹದಿನೈದು ನಿಮಿಷ ಹುರಿಯಿರಿ. ಕಡಲೆಬೀಜದ ಸಿಪ್ಪೆಯ ಬಣ್ಣ ಬಂದಾಗ ಉರಿ ತಗ್ಗಿಸಿ, ಬೆಚ್ಚಗಿನ ಕಟ್ಟನ್ನು ಮೊದಲು ಅರ್ಧ ಲೋಟ ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದನ್ನು ಸುರಿಯಿರಿ. ಈರುಳ್ಳಿ, ಅಣಬೆ, ಸೋಯಾ ಸಾಸ್ ಸೇರಿಸಿ ಹದಿನೈದು ನಿಮಿಷ ಕುದಿಸಿ. ಉಪ್ಪನ್ನು ಕೊನೆಗೆ ಹಾಕಿ; ರಸ ಇಂಗುತ್ತ ಹೋದಂತೆ ಉಪ್ಪು ಏರುತ್ತದೆ, ಸೋಯಾ ಸಾಸಿನಲ್ಲೂ ಉಪ್ಪಿದೆ. ಮೆಣಸಿನ ಪುಡಿ ಉದುರಿಸಿ ಇಳಿಸಿ.

ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಇದು ಹೇಳಿ ಮಾಡಿಸಿದ ಜೊತೆ. ಬಿಸಿ ಅನ್ನಕ್ಕೂ ಚಪಾತಿಗೂ ಹೊಂದುತ್ತದೆ. ಮಾಂಸಾಹಾರಿಗಳು ಕೋಳಿಯನ್ನೋ ಕುರಿಯ ಮಾಂಸವನ್ನೋ ಹುರಿದ ಬಾಣಲೆಯಲ್ಲೇ, ಬೆಣ್ಣೆಗೆ ಬದಲು ಅದರ ಜಿಡ್ಡಿನಲ್ಲಿ ಹಿಟ್ಟು ಹುರಿದು, ಮೂಳೆ ಕುದಿಸಿದ ಕಟ್ಟು ಹಾಕಿ ಇದೇ ಕ್ರಮದಲ್ಲಿ ಮಾಡಬಹುದು. ಉಳಿದರೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಬಿಸಿ ಮಾಡುವಾಗ ಸ್ವಲ್ಪ ನೀರು ಸೇರಿಸಿ, ಚೆನ್ನಾಗಿ ಕುದಿಬರಿಸಿಯೇ ಬಡಿಸಿ.